ಬಾರಾಪೆಡೆ ಮತ್ತು ಸಿಜು: ಎರಡು ಗವಿಗಳ ಚರಿತ್ರೆ

ಇತಿಹಾಸವೆಂದೊಡನೆ ನಮ್ಮವರ ಮನಸ್ಸು ಶಾಸನ, ಗುಡಿ, ಕೋಟೆಗಳ ಕಡೆಗೆ ಹರಿಯುತ್ತದೆ. ಗವಿಯ ಮಾತು ಬಂದರೆ ಬಾದಾಮಿಯ ಶಿಲ್ಪವೋ ಸಿದ್ಧರ ತಪಸ್ಸೋ ನೆನಪಾಗುವುದು. ಆದರೆ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, ಮಹಾದಾಯಿ ನದಿಯು ಹುಟ್ಟುವ ಭೀಮಗಡದ ಕಾಡಿನೊಳಗೆ, ತಳೇವಾಡಿಯ ಸಮೀಪದಲ್ಲಿರುವ ಬಾರಾಪೆಡೆ ಗವಿಯ ಚರಿತ್ರೆಯು ಬೇರೆ ಬಗೆಯದು. ಅದನ್ನು ಪ್ರಸಿದ್ಧಿಗೆ ತಂದುದು ಒಂದು ಬಾವಲಿ.

ಮುಂಬಯಿಯ ನಿಸರ್ಗೇತಿಹಾಸ ಸಂಘವು 1911ರಲ್ಲಿ ಹಿಂದುಸ್ಥಾನದ ಸಸ್ತನಿಗಳ ಸಮೀಕ್ಷೆಯನ್ನು ಕೈಗೊಂಡಿತು. ಈ ಗವಿಯಲ್ಲಿ ದೊರೆತ ಬಾವಲಿಯನ್ನು ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸರು 1913ರಲ್ಲಿ ಹೊಸ ಜಾತಿಯೆಂದು ವರ್ಣಿಸಿದರು. ಮುಂಬಯಿ ಇಲಾಖೆಯಲ್ಲಿ ಅರಣ್ಯಾಧಿಕಾರಿಯಾಗಿದ್ದು, ನಿವೃತ್ತಿಯ ತರುವಾಯ ಆ ಸಮೀಕ್ಷೆಯ ಸಂಗ್ರಹಗಳನ್ನು ಪರೀಕ್ಷಿಸುತ್ತಿದ್ದ ರಾಟನ್ ಎಂಬವರ ಹೆಸರನ್ನು ಅದಕ್ಕಿಟ್ಟರು. ಹಣೆಯ ಮೇಲೆ ಒಂದಕ್ಕೊಂದು ಕೂಡಿ ಮೂತಿಯ ಆಚೆಗೂ ಚಾಚಿದ ದೊಡ್ಡ ಕಿವಿಗಳು, ತೊಗಲಿನ ಅಂಚನ್ನು ಮೀರಿ ಹೊರಬಿದ್ದ ಬಾಲ, ಕಡುಗಂದು ಮೈ, ಕೊರಳ ಹಿಂದೆ ಬೂದಿಯ ಛಾಯೆ. ಇವು ಅದರ ಲಕ್ಷಣಗಳು. ಬಹುಕಾಲದವರೆಗೆ ಇದರ ನೆಲೆಯೆಂದು ವಿದ್ವಾಂಸರಿಗೆ ತಿಳಿದಿದ್ದುದು ಬಾರಾಪೆಡೆಯೊಂದೇ. ಮೇಘಾಲಯದಲ್ಲಿಯೂ ಕಾಂಬೋಡಿಯಾದಲ್ಲಿಯೂ ಅದು ಕಂಡುಬಂದ ಸುದ್ದಿ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಹೊರಬಿದ್ದಿತು.

ಈ ಪ್ರಾಣಿ ಯಾವುದು ಎಂಬುದು ಥಾಮಸರ ಪ್ರಶ್ನೆ. ಈ ಗವಿಯಲ್ಲಿ ಯಾರು ಯಾರು ಇದ್ದಾರೆ, ಏನನ್ನುಂಡು ಬದುಕುತ್ತಾರೆ ಎಂದು ಕೇಳಿದವರು ಹತ್ತು ವರ್ಷಗಳ ಮೇಲೆ ಬಂದರು. ಆಗ ಅಸ್ಸಾಮಿಗೆ ಸೇರಿದ್ದು ಈಗ ಮೇಘಾಲಯದಲ್ಲಿರುವ ಗಾರೋ ಬೆಟ್ಟಗಳಲ್ಲಿ, ಸಿಮ್ಸಾಂಗ್ ನದಿಯ ದಡದಲ್ಲಿ, ಸಿಜು ಎಂಬ ಸುಣ್ಣಕಲ್ಲಿನ ಗವಿಯುಂಟು. ಗಾರೋ ಜನರು ಅದನ್ನು ಬಾವಲಿಗಳ ಗವಿಯೆಂದೇ ಕರೆಯುವರು. ಭಾರತೀಯ ಪ್ರಾಣಿ ಸಮೀಕ್ಷಾ ಸಂಸ್ಥೆಯ ಸ್ಟ್ಯಾನ್ಲಿ ಕೆಂಪ್ ಮತ್ತು ಚೋಪ್ರಾ ಇವರಿಬ್ಬರು 1922ರಲ್ಲಿ ಅದರ ಹೊಳೆಯ ಜಾಡು ಹಿಡಿದು ಒಳಹೊಕ್ಕು, ದೊರೆತ ಜೀವಿಗಳು ಬಾಯಿಂದ ಎಷ್ಟು ಅಡಿ ಒಳಗೆ ಇದ್ದವೆಂಬುದನ್ನು ಬರೆದಿಟ್ಟುಕೊಂಡರು. ಜೇಡಗಳನ್ನು ಒಬ್ಬರು, ಮಿಡತೆಯ ಬಳಗದ ಗವಿಹುಳುಗಳನ್ನು ಮತ್ತೊಬ್ಬರು, ಮೀನುಗಳನ್ನು ಇನ್ನೊಬ್ಬರು ಹೀಗೆ ಬಲ್ಲವರು ಹಂಚಿಕೊಂಡು ಪರೀಕ್ಷಿಸಿದ ಫಲವು 1924ರಲ್ಲಿ ಕಲಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಣ್ಣು ಕುಗ್ಗಿದ ಒಂದು ಸಿಗಡಿಯನ್ನು ಕೆಂಪರು ತಾವೇ ವರ್ಣಿಸಿ ಹೆಸರಿಟ್ಟರು. ಈ ಮಹಾಶಯರು ಆ ಬಳಿಕ ದಕ್ಷಿಣ ಧ್ರುವದ ಕಡಲುಗಳ ತಿಮಿಂಗಿಲ ಸಂಶೋಧನೆಗೆ ನಾಯಕರಾಗಿ ಹೊರಟುಹೋದರು. ಗವಿಶಾಸ್ತ್ರಕ್ಕೆ ಅದು ನಷ್ಟವೆಂದೇ ನನ್ನ ಎಣಿಕೆ.

ಸಿಜುವಿನಂಥ ಗವಿಯ ಸಂಸಾರವು ನಡೆಯುವ ಬಗೆಯನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಸೂರ್ಯನ ಬೆಳಕು ಬಾರದೆಡೆಯಲ್ಲಿ ಹಸುರು ಬೆಳೆಯದು, ಹಸುರಿಲ್ಲದಿದ್ದರೆ ಅನ್ನವೆಲ್ಲಿಯದು? ಹೊರಗಿನಿಂದಲೇ ಬರಬೇಕು. ಮಳೆಗಾಲದ ನೆರೆಯು ಕೊಳೆತ ಎಲೆ ಕಡ್ಡಿಗಳನ್ನು ಒಳಕ್ಕೆ ನುಗ್ಗಿಸುವುದು. ಬಾವಲಿಗಳು ಇರುಳೆಲ್ಲ ಕಾಡಿನ ಮೇಲೆ ಹಾರಾಡಿ ಹುಳುಹುಪ್ಪಟೆಗಳನ್ನು ತಿಂದು ಹಗಲು ಮರಳಿ ತೂಗುಬಿದ್ದು, ನೆಲದ ಮೇಲೆ ಹಿಕ್ಕೆಯನ್ನು ಸುರಿಸುವುವು. ಆ ಹಿಕ್ಕೆಯಲ್ಲಿ ಬೂಷ್ಟು ಬೆಳೆಯುವುದು, ಬೂಷ್ಟನ್ನು ಸಣ್ಣ ಹುಳುಗಳು ತಿನ್ನುವುವು, ಹುಳುಗಳನ್ನು ಜೇಡಗಳು ಹಿಡಿಯುವುವು. ನಮಗೆ ಮೂಗು ಮುಚ್ಚಿಕೊಳ್ಳುವಂತೆ ಮಾಡುವ ವಸ್ತುವೇ ಅಲ್ಲಿ ಕಣಜ. ಬಾವಲಿಗಳು ಗವಿಯನ್ನು ತೊರೆದರೆ ಕಣಜವು ಬರಿದಾಗಿ, ಅದನ್ನು ನಂಬಿದ ಜೀವಗಳೆಲ್ಲವೂ ಹಸಿವಿನಿಂದ ಸಾಯಬೇಕಾಗುತ್ತದೆ. ಅವು ತೊರೆಯುವಂತೆ ಮಾಡುವುದಕ್ಕೆ ಕೋವಿಯೇ ಬೇಕೆಂದಿಲ್ಲ. ಮರಿಗಳಿರುವ ಕಾಲದಲ್ಲಿ ಹೊಗೆ, ಗದ್ದಲ, ದೀಪಗಳ ಉಪದ್ರವವು ಸಾಕು.

ನಮ್ಮ ಕಾಯಿದೆಯಾದರೋ ಥಾಮಸರ ದಾರಿಯನ್ನೇ ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ರಾಟನ್ನರ ಬಾವಲಿಗೆ ಹುಲಿಯ ಪಕ್ಕದಲ್ಲಿ ಸ್ಥಾನ ದೊರೆಯಿತು. ಅದೇ ಕಾಯಿದೆಯು ಹಣ್ಣು ತಿನ್ನುವ ಬಾವಲಿಗಳನ್ನು ಇಲಿ, ಕಾಗೆಗಳ ಜೊತೆಗೆ ಪೀಡೆಗಳ ಸಾಲಿನಲ್ಲಿ ಕೂರಿಸಿತ್ತು. ಆ ಅನುಸೂಚಿಯು ಹೋದದ್ದು 2022ರ ತಿದ್ದುಪಡಿಯಿಂದ. ಹೆಸರು ಹಿಡಿದು ಪ್ರಾಣಿಯನ್ನು ಕಾಯುವ ಈ ಕ್ರಮದಲ್ಲಿ ಬೂಷ್ಟು, ಜೇಡ, ಕುರುಡು ಹುಳುಗಳ ಪಾಡೇನು? ಬಾರಾಪೆಡೆಯ ಭಾಗ್ಯವು ಒಳ್ಳೆಯದು. 2011ರಲ್ಲಿ ಭೀಮಗಡವು ವನ್ಯಜೀವಿಧಾಮವೆಂದು ಘೋಷಿತವಾದುದರಿಂದ, ಬಾವಲಿಯ ಜೊತೆಗೆ ಗವಿಯೂ, ಗವಿಗೆ ಅನ್ನವಿಕ್ಕುವ ಕಾಡೂ ಒಂದೇ ಬೇಲಿಯೊಳಗೆ ಬಂದವು. ಇದೇ ಸರಿಯಾದ ಕ್ರಮವೆಂದು ನಾನು ತಿಳಿಯುತ್ತೇನೆ.

ಮೇಘಾಲಯದ ಅನೇಕ ಗವಿಗಳಿಗೆ ಅಂಥ ಬೇಲಿಯಿಲ್ಲ. ಅಲ್ಲಿ ಗವಿಯ ಗೋಡೆಯೂ ಸುಣ್ಣಕಲ್ಲು, ಸಿಮೆಂಟು ಕಾರ್ಖಾನೆಗೆ ಬೇಕಾದದ್ದೂ ಅದೇ ಸುಣ್ಣಕಲ್ಲು. ಜೈಂತಿಯಾ ಬೆಟ್ಟದ ಉಮ್ ಲಾಡಾವ್ ಎಂಬ ಗವಿಯಲ್ಲಿ ಒಂದು ಮೊಳದ ಹತ್ತಿರಕ್ಕೆ ಬೆಳೆಯುವ ಕುರುಡು ಮೀನುಗಳಿರುವ ಸಂಗತಿಯನ್ನು ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ನೆಲದೊಳಗೆ ಬಾಳುವ ಮೀನುಗಳಲ್ಲಿ ಇದಕ್ಕಿಂತ ದೊಡ್ಡದು ಜಗತ್ತಿನಲ್ಲಿ ತಿಳಿದಿಲ್ಲ. 2023ರಲ್ಲಿ ಆ ಸೀಮೆಯ ಪ್ನಾರ್ ಜನರ ಹೆಸರನ್ನೇ ಅದಕ್ಕೆ ಇಟ್ಟರು.