ಶ್ರವಣಬೆಳಗೊಳದ ನಿಸಿಧಿ ಶಾಸನಗಳು: ವರ್ಗೀಕರಣದ ಒಂದು ಸಮಸ್ಯೆ

ಶ್ರವಣಬೆಳಗೊಳದ ನಿಸಿಧಿ ಶಾಸನಗಳೆಲ್ಲವನ್ನೂ ಒಂದೆಡೆ ಸಂಗ್ರಹಿಸುವವರಿಗೆ ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡನೆಯ ಸಂಪುಟವೇ ಮುಖ್ಯ ಆಧಾರ. ೧೮೮೯ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಈ ಸಂಪುಟದಲ್ಲಿ ೧೪೪ ಶಾಸನಗಳಿದ್ದವು; ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣದಿಂದ ಅವು ೫೦೦ ಆದವು. ೧೯೭೩ರ ಆವೃತ್ತಿಯಲ್ಲಿ ೫೭೩. ಆದುದರಿಂದ ಆವೃತ್ತಿಯನ್ನು ಹೇಳದ ಎಣಿಕೆ ಪ್ರಮಾಣವಾಗಲಾರದು.

ಇದಕ್ಕಿಂತ ದೊಡ್ಡ ತೊಡಕು ಹೆಸರಿನದು. ನಿಸಿಧಿ ಶಬ್ದಕ್ಕೇ ನಿಷಿಧಿ, ನಿಸಿದಿಗೆ, ನಿಷದ್ಯೆ ಎಂಬ ರೂಪಗಳುಂಟು. ಚಂದ್ರಗಿರಿಯ ಪ್ರಾಚೀನ ಶಾಸನಗಳಲ್ಲಿ ಅನೇಕವು ಆ ಶಬ್ದವನ್ನೇ ಬಳಸದೆ ಸನ್ಯಸನ, ಆರಾಧನೆ, ಸಮಾಧಿ ಮುಂತಾದ ಮಾತುಗಳಿಂದ ಮರಣವನ್ನು ಸೂಚಿಸುತ್ತವೆ. ಸು. ಕ್ರಿ.ಶ. ೬೦೦ರ ಮೊದಲನೆಯ ಶಾಸನವು ಭದ್ರಬಾಹು ವೃತ್ತಾಂತಕ್ಕಾಗಿ ಪ್ರಸಿದ್ಧವಾದರೂ ಅದರ ತಾತ್ಪರ್ಯ ಪ್ರಭಾಚಂದ್ರರ ಸಮಾಧಿಮರಣ. ೧೧೨೯ರ ಮಲ್ಲಿಷೇಣ ಪ್ರಶಸ್ತಿಯು ಹೆಸರಿನಿಂದ ಪ್ರಶಸ್ತಿ, ಉದ್ದೇಶದಿಂದ ನಿಸಿಧಿ.

ಇಂದು ಗಣಕಯಂತ್ರದ ಸೂಚಿಗಳು ಕ್ಷಣಮಾತ್ರದಲ್ಲಿ ಶಾಸನಗಳನ್ನು ಆರಿಸಿಕೊಡುತ್ತವೆ. ಆದರೆ ಶಬ್ದವನ್ನು ಕೇಳಿದರೆ ಶಬ್ದವಿರುವಷ್ಟೇ ದೊರೆಯುತ್ತದೆ. ಪ್ರತಿಯೊಂದು ಶಾಸನವನ್ನೂ ಓದಿ, ಅದರ ಪ್ರಕಾರವನ್ನು ಶೀರ್ಷಿಕೆಯಿಂದ ಬೇರೆಯಾಗಿ ನಮೂದಿಸಬೇಕು. ಒಂದೇ ಶಾಸನಕ್ಕೆ ಎರಡು ಪ್ರಕಾರಗಳಿಗೂ ಅವಕಾಶವಿರಬೇಕು. ದೊರೆತ ಶಾಸನಗಳನ್ನೂ ಬಿಟ್ಟುಹೋದವನ್ನೂ ಕೂಡಿಸಿ ಸಂಪುಟದ ಒಟ್ಟು ಸಂಖ್ಯೆಯೊಡನೆ ತಾಳೆ ನೋಡಬೇಕು.

ಇದು ಕೇವಲ ಸೂಚೀಕಾರರ ಚಿಂತೆಯಲ್ಲ. ರಾಜಾಶ್ರಯವಿಲ್ಲದ ಅನೇಕ ಮುನಿಗಳ, ಕಂತಿಯರ ಹೆಸರು ಉಳಿದಿರುವುದು ಇಂಥ ಕಿರುಶಾಸನಗಳಲ್ಲಿ. ಸೂಚಿಯಲ್ಲಿ ಇವು ತಪ್ಪಿದರೆ ಸಲ್ಲೇಖನದ ಇತಿಹಾಸವು ಆಚಾರ್ಯರ ಮತ್ತು ಅರಸರ ಇತಿಹಾಸವಾಗಿ ಮಾತ್ರ ಉಳಿದೀತು.