ಮಿನಿಕಾಯ್ ದ್ವೀಪದ ಸಾಂಪ್ರದಾಯಿಕ ಆಹಾರ

ಲಕ್ಷದ್ವೀಪಕ್ಕೆ ತೆರಳಲು ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ ಮಿನಿಕಾಯ್ ದ್ವೀಪದ ಆಹಾರ ಪದ್ಧತಿಯ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ. ದ್ವೀಪದ ನಿವಾಸಿಗಳಲ್ಲದವರು ಇಲ್ಲಿಗೆ ಭೇಟಿ ನೀಡಲು 1967ರ ಪ್ರವೇಶ ಮತ್ತು ವಾಸ ನಿರ್ಬಂಧ ನಿಯಮಗಳನ್ವಯ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು.

ಪರಿಚಯ

ಮಿನಿಕಾಯ್ ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶದ ದಕ್ಷಿಣ ತುದಿಯಲ್ಲಿರುವ ದ್ವೀಪ. ಸ್ಥಳೀಯರು ಇದನ್ನು ಮಲಿಕು ಎಂದು ಕರೆಯುತ್ತಾರೆ. ವಿಸ್ತೀರ್ಣ 5 ಚದರ ಕಿ.ಮೀ.ಗಿಂತ ಕಡಿಮೆ, 2011ರ ಜನಗಣತಿಯ ಪ್ರಕಾರ ಜನಸಂಖ್ಯೆ ಹತ್ತು ಸಾವಿರಕ್ಕೆ ತುಸು ಹೆಚ್ಚು. ರಾಜಧಾನಿ ಕವರತ್ತಿ ಸುಮಾರು 260 ಕಿ.ಮೀ. ಉತ್ತರಕ್ಕಿದ್ದರೆ, ಮಾಲ್ಡೀವ್ಸ್‌ನ ಉತ್ತರದ ದ್ವೀಪಗಳು ಕೇವಲ 130 ಕಿ.ಮೀ. ಆಸುಪಾಸಿನಲ್ಲಿವೆ. ಇತರ ದ್ವೀಪಗಳ ಜನರು ಮಲಯಾಳಂನ ಒಂದು ಪ್ರಭೇದವನ್ನು ಆಡಿದರೆ, ಮಿನಿಕಾಯ್ ಜನರ ಭಾಷೆ ಮಹಲ್. ಇದು ಮಾಲ್ಡೀವ್ಸ್‌ನ ದಿವೇಹಿ ಭಾಷೆಯ ರೂಪವಾಗಿದ್ದು, ಬಲದಿಂದ ಎಡಕ್ಕೆ ಬರೆಯುವ ತಾನ ಲಿಪಿಯನ್ನು ಹೊಂದಿದೆ. ಅಡುಗೆಯ ಹೆಸರುಗಳೂ ಬಹುಮಟ್ಟಿಗೆ ಅಲ್ಲಿಯವೇ ಆಗಿವೆ.

ದ್ವೀಪದಲ್ಲಿ ನದಿಯಿಲ್ಲ, ಗದ್ದೆಯಿಲ್ಲ. ಹವಳದ ಮರಳಿನ ನೆಲದಲ್ಲಿ ತೆಂಗು ಚೆನ್ನಾಗಿ ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಆದ್ದರಿಂದ ನಿತ್ಯದ ಊಟದ ಅನ್ನವು ಹಡಗಿನಲ್ಲಿ ಬರಬೇಕು. ನೈಋತ್ಯ ಮಾನ್ಸೂನ್‌ನ ತಿಂಗಳುಗಳಲ್ಲಿ ಕಡಲು ಕೆರಳಿ ದೋಣಿಗಳು ದಡ ಸೇರುತ್ತವೆ, ಹಡಗಿನ ಸಂಚಾರವೂ ವ್ಯತ್ಯಯಗೊಳ್ಳುತ್ತದೆ. ಮೀನು ಸಿಗದ ಆ ದಿನಗಳಿಗಾಗಿ ಮೀನು ಸಿಗುವ ದಿನಗಳಲ್ಲಿಯೇ ದಾಸ್ತಾನು ಮಾಡಿಡುವುದು ಇಲ್ಲಿಯ ಪಾಕಪದ್ಧತಿಯ ಮೂಲ. ಬಯಲುಸೀಮೆಯ ಮನೆಗಳಲ್ಲಿ ರಾಗಿಯ ಹಗೇವಿಗೆ ಇದ್ದ ಸ್ಥಾನ ಇಲ್ಲಿ ಒಣಗಿಸಿದ ಮೀನಿಗೆ ಇದೆ.

ಮಾಸ್

ಈ ದಾಸ್ತಾನಿನ ಹೆಸರು ಮಾಸ್. ಇತರ ದ್ವೀಪಗಳಲ್ಲಿ ಇದನ್ನು ಮಾಸ್‌ಮೀನ್ ಎನ್ನುತ್ತಾರೆ. ಮಹಲ್ ಭಾಷೆಯಲ್ಲಿ ಮಾಸ್ ಎಂದರೆ ಮೀನು ಎಂದೇ ಅರ್ಥವಿರುವುದರಿಂದ, ಈ ಪದದಲ್ಲಿ ಮೀನು ಎರಡು ಭಾಷೆಗಳಲ್ಲಿ ಎರಡು ಬಾರಿ ಬಂದಂತಾಗಿದೆ.

ಇದಕ್ಕೆ ಬಳಸುವುದು ಮುಖ್ಯವಾಗಿ ಸ್ಕಿಪ್‌ಜಾಕ್ ಜಾತಿಯ ಟ್ಯೂನಾ ಮೀನು. ನಮ್ಮ ಕರಾವಳಿಯಲ್ಲಿ ಕೇದರ ಎಂದು ಕರೆಯಲ್ಪಡುವ ಮೀನುಗಳ ಬಳಗಕ್ಕೆ ಇದು ಸೇರಿದೆ. ಹಿಡಿಯಲು ದೊಡ್ಡ ಬಲೆಯನ್ನು ಬಳಸುವುದಿಲ್ಲ. ಉದ್ದನೆಯ ಕೋಲು, ಗಿಡ್ಡ ದಾರ ಮತ್ತು ಹಿಮ್ಮುಳ್ಳಿಲ್ಲದ ಗಾಳದಿಂದ ಒಂದೊಂದಾಗಿ ಎತ್ತಲಾಗುತ್ತದೆ. ಹಿಮ್ಮುಳ್ಳು ಇಲ್ಲದಿರುವುದರಿಂದ ಮೀನು ದೋಣಿಯೊಳಗೆ ಬಿದ್ದೊಡನೆ ಗಾಳ ತಾನಾಗಿ ಬಿಡಿಸಿಕೊಂಡು, ಮರುಕ್ಷಣವೇ ಮತ್ತೆ ನೀರಿಗೆ ಸಿದ್ಧವಾಗುತ್ತದೆ. ಟ್ಯೂನಾ ಹಿಂಡನ್ನು ದೋಣಿಯ ಬಳಿ ಹಿಡಿದಿಡಲು ಜೀವಂತ ಸಣ್ಣ ಮೀನುಗಳನ್ನು ಎರಚುತ್ತಾ, ನೀರನ್ನು ಚಿಮುಕಿಸುತ್ತಾ ಇರಬೇಕು. ಈ ಎರೆಮೀನುಗಳನ್ನು ಮೊದಲು ದ್ವೀಪದ ಲಗೂನಿನಲ್ಲಿ, ಅಂದರೆ ಹವಳದ ದಿಬ್ಬಗಳ ಒಳಗಿನ ಶಾಂತ ನೀರಿನಲ್ಲಿ, ಸಣ್ಣ ಬಲೆಯಿಂದ ಹಿಡಿದು, ಸಮುದ್ರದ ನೀರು ಸದಾ ಹರಿದಾಡುವ ದೋಣಿಯ ತೊಟ್ಟಿಯಲ್ಲಿ ಜೀವಂತವಾಗಿ ಒಯ್ಯಲಾಗುತ್ತದೆ.

ಬಂದ ಮೀನನ್ನು ಅದೇ ದಿನ ಬೇಯಿಸುವುದು ಕಡ್ಡಾಯವೆಂದೇ ಹೇಳಬೇಕು. ಟ್ಯೂನಾವನ್ನು ಬಿಸಿಲಿನಲ್ಲಿ ಹಾಗೆಯೇ ಬಿಟ್ಟಲ್ಲಿ ಹಿಸ್ಟಮಿನ್ ಎಂಬ ವಸ್ತು ಉತ್ಪತ್ತಿಯಾಗುತ್ತದೆ. ಅದು ಒಮ್ಮೆ ಉಂಟಾದ ಮೇಲೆ ಬೇಯಿಸಿದರೂ ಹೋಗುವುದಿಲ್ಲ. ತಲೆ ಮತ್ತು ಕರುಳನ್ನು ತೆಗೆದು, ಮೀನನ್ನು ಉದ್ದುದ್ದವಾಗಿ ನಾಲ್ಕು ಹೋಳುಗಳಾಗಿ ಸೀಳಿ ಉಪ್ಪುನೀರಿನಲ್ಲಿ ಬೇಯಿಸಲಾಗುತ್ತದೆ. ಆರಿದ ಬಳಿಕ ಮುಳ್ಳು ತೆಗೆದು, ತೆಂಗಿನ ಸಿಪ್ಪೆ ಹಾಗೂ ಕರಟದ ಹೊಗೆಗೆ ಹಿಡಿದು, ಹಲವು ದಿನ ಬಿಸಿಲಿನಲ್ಲಿ ಒಣಗಿಸಲಾಗುತ್ತದೆ. ಕೊನೆಗೆ ಉಳಿಯುವುದು ಮರದ ತುಂಡಿನಂತಹ ಗಟ್ಟಿ ಹೋಳು. ಸುಮಾರು 5 ಕಿಲೋ ಹಸಿ ಮೀನಿನಿಂದ 1 ಕಿಲೋ ಮಾಸ್ ದೊರೆಯುತ್ತದೆ. ಬೆಲೆ ಕೇಳಿ ದುಬಾರಿಯೆಂದು ಭಾವಿಸುವವರು ಈ ಲೆಕ್ಕವನ್ನು, ಅದರ ಜೊತೆಗೆ ಸೌದೆ ಮತ್ತು ದಿನಗಟ್ಟಲೆಯ ದುಡಿಮೆಯನ್ನು ಗಮನಿಸುವುದು ಸೂಕ್ತ. ದುಡಿಮೆಯ ಹೆಚ್ಚಿನ ಪಾಲು ಮಹಿಳೆಯರದು. ಮಿನಿಕಾಯ್‌ನ ಗಂಡಸರು ಬಹುಕಾಲದಿಂದ ವಾಣಿಜ್ಯ ಹಡಗುಗಳಲ್ಲಿ ನಾವಿಕರಾಗಿ ದೂರ ಹೋಗುವವರಾಗಿರುವುದರಿಂದ, ಮನೆ ಮತ್ತು ಒಲೆಯ ವ್ಯವಹಾರ ಹೆಂಗಸರ ಕೈಯಲ್ಲಿಯೇ ಇರುತ್ತದೆ.

ಚೆನ್ನಾಗಿ ಒಣಗಿದ ಮಾಸ್ ಒಂದು ವರ್ಷದವರೆಗೂ ಕೆಡುವುದಿಲ್ಲ. ಶ್ರೀಲಂಕಾದ ಅಡುಗೆಯಲ್ಲಿ ‘ಮಾಲ್ಡೀವ್ ಮೀನು’ ಎಂದು ಬಳಕೆಯಾಗುವುದೂ ಇದೇ ಬಗೆಯ ಪದಾರ್ಥ.

ನಿತ್ಯದ ಅಡುಗೆ

ಮಾಸ್ ಅನ್ನು ಕುಟ್ಟಿ ಅಥವಾ ತೆಳ್ಳಗೆ ಕೆತ್ತಿ, ತೆಂಗಿನ ತುರಿ, ಈರುಳ್ಳಿ, ಹಸಿಮೆಣಸು ಮತ್ತು ನಿಂಬೆರಸದೊಂದಿಗೆ ಕೈಯಿಂದ ಹಿಸುಕಿ ಕಲಸಿದರೆ ಮಾಸ್ ಹುನಿ ಸಿದ್ಧವಾಗುತ್ತದೆ. ಇದನ್ನು ರೋಶಿ ಎಂಬ ತೆಳುವಾದ ರೊಟ್ಟಿಯೊಂದಿಗೆ ಬೆಳಗಿನ ಉಪಾಹಾರವಾಗಿ ಸೇವಿಸುತ್ತಾರೆ. ಒಲೆಯ ಅಗತ್ಯ ರೊಟ್ಟಿಗೆ ಮಾತ್ರ. ಹಸಿ ಟ್ಯೂನಾ ದೊರೆತ ದಿನ ಗರುದಿಯ ಮಾಡುತ್ತಾರೆ: ಉಪ್ಪುನೀರಿನಲ್ಲಿ ಬೇಯಿಸಿದ ಮೀನಿನ ತಿಳಿಸಾರು. ಮಸಾಲೆ ಇರುವುದಿಲ್ಲ, ಅನ್ನಕ್ಕೆ ಸುರಿದುಕೊಂಡು, ನಿಂಬೆ, ಈರುಳ್ಳಿ, ಮೆಣಸನ್ನು ಪಕ್ಕದಲ್ಲಿಟ್ಟುಕೊಂಡು ಉಣ್ಣುತ್ತಾರೆ. ಖಾರದ ಮೀನುಸಾರಿಗೆ ಒಗ್ಗಿದವರಿಗೆ ಮೊದಲ ತುತ್ತು ಸಪ್ಪೆಯೆನಿಸಬಹುದು.

ಮಾಸ್ ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ. ನೊರೆ ತೆಗೆಯುತ್ತಾ ಗಂಟೆಗಟ್ಟಲೆ ಕುದಿಸಿ ಬತ್ತಿಸಿದಾಗ ಅದು ಗಾಢ ಕಂದುಬಣ್ಣದ ಲೇಹ್ಯದಂತಾಗುತ್ತದೆ. ಇದೇ ರಿಹಾಕುರು. ಒಂದು ಚಮಚದಷ್ಟನ್ನು ಅನ್ನಕ್ಕೆ ಕಲಸಿದರೂ ಮೀನಿನ ಪೂರ್ಣ ರುಚಿ ಬರುತ್ತದೆ. ಉಪ್ಪಿನ ಅಂಶ ಅಧಿಕವಾಗಿರುವುದರಿಂದ ರಕ್ತದೊತ್ತಡ ಇರುವವರು ಮಿತವಾಗಿ ಬಳಸತಕ್ಕದ್ದು.

ತೆಂಗಿನ ಹೊಂಬಾಳೆಯಿಂದ ಇಳಿಸಿದ ಹುಳಿಯಾಗದ ಸಿಹಿರಸವನ್ನು ಲಕ್ಷದ್ವೀಪದಲ್ಲಿ ಮೀರ ಎನ್ನುತ್ತಾರೆ. ಅದನ್ನು ಕಾಯಿಸಿ ಪಾಕ ಮತ್ತು ಬೆಲ್ಲ ತಯಾರಿಸಲಾಗುತ್ತದೆ. ಹುಳಿ ಬಂದುದರಿಂದ ವಿನಿಗರ್ ಆಗುತ್ತದೆ. ಅಕ್ಕಿ ಮತ್ತು ಮೊಟ್ಟೆಯಿಂದ ಮಾಡುವ ಬಹು ತೆಳುವಾದ ಕಿಲಾಂಜಿ ಎಂಬ ದೋಸೆಯನ್ನು ವಿಶೇಷ ದಿನಗಳಲ್ಲಿ ಬೆಲ್ಲ, ಬಾಳೆಹಣ್ಣು ಬೆರೆಸಿದ ತೆಂಗಿನಹಾಲಿನೊಂದಿಗೆ ಬಡಿಸುವುದು ಲಕ್ಷದ್ವೀಪದ ಪದ್ಧತಿ. ದೀವಿಹಲಸು, ಅಂದರೆ ಕರಾವಳಿಯ ಜೀಗುಜ್ಜೆ, ದ್ವೀಪಗಳಲ್ಲಿ ಹೇರಳ. ಇಳಿತದ ಸಮಯದಲ್ಲಿ ದಿಬ್ಬದ ಕಲ್ಲುಗಳ ನಡುವೆ ಹಿಡಿದ ಆಕ್ಟೋಪಸ್‌ನ ಹುರಿದ ಪದಾರ್ಥವೂ ಉಂಟು.

ಕರ್ನಾಟಕದ ಸಂಬಂಧ

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಬ್ರಿಟಿಷರ ವಶಕ್ಕೆ ಬಂದು, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ದ್ವೀಪದ ತೆಂಗಿನ ನಾರಿನ ಹುರಿಯನ್ನು ಸರ್ಕಾರವೇ ಪಡೆದು ಪ್ರತಿಯಾಗಿ ಮಂಗಳೂರಿನಿಂದ ಅಕ್ಕಿಯನ್ನು ನೀಡುವ ವ್ಯವಸ್ಥೆ ಆಗ ಜಾರಿಯಲ್ಲಿತ್ತು. ಮಿನಿಕಾಯ್ ಮಾತ್ರ ಮಲಬಾರ್ ಜಿಲ್ಲೆಗೆ ಸೇರಿತ್ತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ದಿನಸಿ, ತರಕಾರಿ ಸಾಗಿಸುವ ಪರಿಪಾಠ ನಂತರವೂ ಮುಂದುವರಿದಿದೆ.

ಎರೆಮೀನಿನ ಪ್ರಶ್ನೆ

ಮಾಸ್‌ನ ಭವಿಷ್ಯ ಹೊರಸಮುದ್ರದ ಟ್ಯೂನಾಕ್ಕಿಂತ ಹೆಚ್ಚಾಗಿ ಲಗೂನಿನ ಬೆರಳುದ್ದದ ಮೀನುಗಳನ್ನು ಅವಲಂಬಿಸಿದೆ. ಎರೆ ದೊರೆಯದ ದಿನ ಕೋಲುಗಾಳದ ದೋಣಿಗೆ ಕೆಲಸವಿಲ್ಲ. ಎರೆಮೀನಿನ ಹಲವು ಜಾತಿಗಳಿಗೆ ಹವಳವೇ ಆಸರೆ. ಸಮುದ್ರದ ನೀರು ಅತಿಯಾಗಿ ಬಿಸಿಯಾದುದರಿಂದ 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡವು. ಪ್ರವಾಸಿಗರು ಹವಳದ ಮೇಲೆ ನಡೆಯಬಾರದು, ಅದರ ತುಂಡುಗಳನ್ನು ಕೊಂಡೊಯ್ಯಬಾರದು ಎಂಬ ಸೂಚನೆಯು ಅಲ್ಲಿಯ ಊಟದ ತಟ್ಟೆಗೂ ಸಂಬಂಧಿಸಿದ್ದಾಗಿದೆ.

ಖರೀದಿಸುವವರ ಗಮನಕ್ಕೆ

ಉತ್ತಮ ಮಾಸ್ ತಟ್ಟಿದಾಗ ಮರದಂತೆ ಸದ್ದು ಮಾಡುತ್ತದೆ. ಮುರಿದ ಜಾಗವು ಗಾಢವಾಗಿ, ನುಣುಪಾಗಿ ಕಾಣುತ್ತದೆ. ಮೆತ್ತಗಿರುವ, ಬೂಷ್ಟು ಹಿಡಿದಿರುವ ಹೋಳುಗಳನ್ನು ಕೊಳ್ಳಬಾರದು. ಪೊಟ್ಟಣದಲ್ಲಿ ಮಾರಾಟವಾಗುವ ಮಾಸ್ ಮತ್ತು ರಿಹಾಕುರು ಮೇಲೆ ತಯಾರಿಕೆಯ ದಿನಾಂಕ ಹಾಗೂ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಮುದ್ರಿತವಾಗಿರುವುದನ್ನು ಖಚಿತಪಡಿಸಿಕೊಳ್ಳುವುದು. ಮಾಸ್‌ನ ವಾಸನೆ ತೀಕ್ಷ್ಣವಾಗಿರುವುದರಿಂದ ಗಾಳಿಯಾಡದ ಡಬ್ಬಿಯಲ್ಲಿಟ್ಟು ಬಟ್ಟೆಬರೆಗಳಿಂದ ಪ್ರತ್ಯೇಕವಾಗಿ ಸಾಗಿಸತಕ್ಕದ್ದು. ತೆರೆದ ನಂತರ ತೇವ ತಾಗದಂತೆ ಇಡುವುದು.