ಖಾನಾಪುರದ ಹೆಸರು, ಬೆಳಗಾವಿಯ ಸುದ್ದಿ

ಬೆಳಗಾವಿಯ ಸುದ್ದಿಮನೆಗಳನ್ನು ಸಾಕಿ ಬೆಳೆಸಿದ್ದು ಕರ್ನಾಟಕ-ಮಹಾರಾಷ್ಟ್ರ ಗಡಿತಂಟೆ. ಅದೇ ತಂಟೆ ಕೂಗಳತೆಯ ಖಾನಾಪುರವನ್ನು ಸುದ್ದಿಯ ಊರಾಗಲು ಬಿಡಲಿಲ್ಲ, ದಾವೆಯ ಆಸ್ತಿಯಾಗಿಯೇ ಇರಿಸಿತು. ಇದಕ್ಕೆ ಬೇರು ಪತ್ರಿಕೆಗಳ ಹುಟ್ಟಿನಲ್ಲೇ ಇದೆ. ಬಾಬುರಾವ್ ಠಾಕೂರ್ 1919ರಲ್ಲಿ ಮರಾಠಿಯ ‘ತರುಣ ಭಾರತ’ವನ್ನು ಶುರುಮಾಡಿದ್ದು ಸ್ವಾತಂತ್ರ್ಯ ಚಳವಳಿಯ ಬಿಸಿಯಲ್ಲಿ. ಬೆಳಗಾವಿಯಲ್ಲೇ ಕಣ್ಣುಬಿಟ್ಟ ‘ಸಂಯುಕ್ತ ಕರ್ನಾಟಕ’ಕ್ಕೆ ಸ್ವರಾಜ್ಯದಷ್ಟೇ ಏಕೀಕರಣವೂ ಗುರಿಯಾಗಿತ್ತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನದ ಜೊತೆಗೇ ಇಲ್ಲಿ ಕರ್ನಾಟಕ ಏಕೀಕರಣದ ಸಮ್ಮೇಳನವೂ ನಡೆದದ್ದು ಅಂದಿನ ಹವೆ ಎಂಥದೆಂದು ತಿಳಿಸುತ್ತದೆ. ಪೇಟೆಯ ಧಾರಣೆ, ಮಳೆ-ಬೆಳೆ ಬರೆಯುವುದಕ್ಕಿಂತ ಒಂದು ವಾದ ಮಂಡಿಸುವುದೇ ಆಗ ಪತ್ರಿಕೆಯ ಕಸುಬು. ಮುಂದೆ ‘ಸಂಯುಕ್ತ ಕರ್ನಾಟಕ’ ಹುಬ್ಬಳ್ಳಿಗೆ ಹೋಯಿತು. ಠಾಕೂರರು ಮಹಾರಾಷ್ಟ್ರ ಏಕೀಕರಣ ಸಮಿತಿಯ ಮುಂದಾಳುಗಳಲ್ಲೊಬ್ಬರಾದರು. 1956ರ ರಾಜ್ಯ ಪುನರ್ವಿಂಗಡಣೆಯ ಹೊತ್ತಿಗೆ ಊರಿನಲ್ಲೇ ಅಚ್ಚಾಗುತ್ತಿದ್ದ ಗಟ್ಟಿ ದನಿ ಮರಾಠಿಯದು. ‘ಕನ್ನಡಮ್ಮ’, ‘ಹಸಿರು ಕ್ರಾಂತಿ’ಯಂಥ ಕನ್ನಡ ದಿನಪತ್ರಿಕೆಗಳು ಎದ್ದುನಿಂತದ್ದು ಆಮೇಲೆ. ಗಡಿಯ ಮಾತಿಗೆ ಎದುರುಮಾತು ಕೊಡುವ ಹೊಣೆಯೂ ಅವುಗಳ ಹೆಗಲೇರಿತು.

ಈ ವಾಗ್ವಾದದಲ್ಲಿ ಖಾನಾಪುರದ ಹೆಸರು ಮತ್ತೆ ಮತ್ತೆ ಬಂತು, ಖಾನಾಪುರ ಬರಲಿಲ್ಲ. ಗಡಿತಂಟೆ ಬಗೆಹರಿಸಲು ನೇಮಿಸಿದ್ದ ಮಹಾಜನ ಆಯೋಗದ 1967ರ ವರದಿ ಬೆಳಗಾವಿ ನಗರ ಕರ್ನಾಟಕದಲ್ಲೇ ಇರಲಿ ಎಂದಿತು. ಮಹಾರಾಷ್ಟ್ರಕ್ಕೆ ಕೊಡಬೇಕೆಂದ 264 ಊರುಗಳಲ್ಲಿ ನಿಪ್ಪಾಣಿಯ ಜೊತೆಗೆ ಖಾನಾಪುರ, ನಂದಗಡಗಳೂ ಇದ್ದವು. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ ಕನ್ನಡಿಗರಿಗೆ ಎಷ್ಟು ಹತ್ತಿರದ್ದೆಂದು ಬಿಡಿಸಿ ಹೇಳಬೇಕಿಲ್ಲ. ಮಹಾರಾಷ್ಟ್ರ ವರದಿಯನ್ನು ತಳ್ಳಿಹಾಕಿತು, ಕರ್ನಾಟಕ ಅದನ್ನೇ ಹಿಡಿದು ನಿಂತಿತು. ಅಲ್ಲಿಂದಾಚೆ ಆ ತಾಲ್ಲೂಕು ಪತ್ರಿಕೆಗಳಲ್ಲಿ ಕಾಣಿಸಿಕೊಂಡಾಗಲೆಲ್ಲ ಮೊದಲ ಪ್ರಶ್ನೆ ಅದು ಯಾರದು ಎಂಬುದೇ. ಮಳೆಗಾಲದಲ್ಲಿ ದಾರಿ ಕಡಿದುಕೊಳ್ಳುವ ಕಾಡಂಚಿನ ಹಳ್ಳಿಗೆ ಆ ಪ್ರಶ್ನೆಯಿಂದ ಒಂದು ಕಾಲುಸಂಕವೂ ಆಗಲಿಲ್ಲ.

ಟೀವಿ ಬಂದು ಇದನ್ನು ಸರಿಪಡಿಸಬಹುದಿತ್ತು. ಬೆಂಗಳೂರು ದೂರದರ್ಶನ 1981ರಲ್ಲಿ, ಉದಯ ಟೀವಿ 1994ರಲ್ಲಿ ಶುರುವಾದರೂ ಐನೂರು ಕಿಲೋಮೀಟರ್ ದೂರದ ಆ ಸುದ್ದಿಮನೆಗಳಿಗೆ ಬೆಳಗಾವಿಯೇ ಒಂದು ಮೂಲೆ. ಓಣಿಯ ನೀರು, ಪಾಲಿಕೆಯ ಸಭೆ, ಗಣಪತಿ ಮೆರವಣಿಗೆಗಳನ್ನು ತೆರೆಗೆ ತಂದದ್ದು ಕೇಬಲ್‌ನವರ ಸ್ಥಳೀಯ ಚಾನೆಲ್ಲುಗಳು. ಆದರೆ ಕೇಬಲ್ ಎಳೆಯಲು ಮನೆಗಳು ಒತ್ತೊತ್ತಾಗಿರಬೇಕು; ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ, ಭೀಮಗಡದ ಕಾಡಿನೊಳಗಿನ ಗವಳಿ, ಕೃಷ್ಣಾಪುರಗಳಲ್ಲಿ ತಂತಿಯ ಖರ್ಚೂ ಹುಟ್ಟದು. ಅಲ್ಲಿಗೆ ಹೊಂದುವುದು ಡಿಶ್. ಅದು ಬೆಂಗಳೂರು, ಮುಂಬೈ, ದಿಲ್ಲಿಯನ್ನು ತೋರಿಸುತ್ತದೆ; ಬೆಳಗಾವಿಯ ಕೇಬಲ್ ಸುದ್ದಿ ಅದರಲ್ಲಿ ಬರುವುದಿಲ್ಲ.

ಓದುಗರೇ ಗಡಿಸುದ್ದಿ ಕೇಳಿದರು, ಪತ್ರಿಕೆ ಕೊಟ್ಟಿತು ಎನ್ನುವವರಿದ್ದಾರೆ. ಕೇಳಿದ್ದು ಹೌದು. ಎರಡು ಭಾಷೆಗಳ ಈ ಪೈಪೋಟಿ ಇಲ್ಲದಿದ್ದರೆ ಬೆಳಗಾವಿಗೆ ಇಷ್ಟೊಂದು ಪತ್ರಿಕೆಗಳೂ ಇರುತ್ತಿರಲಿಲ್ಲವೇನೋ. ತಾಲ್ಲೂಕಿಗೊಬ್ಬ ವರದಿಗಾರನಿದ್ದಾನಲ್ಲ ಎಂಬ ಮಾತೂ ಸುಳ್ಳಲ್ಲ. ಆದರೆ ಗೋವಾದೊಂದಿಗಿನ ಮಹದಾಯಿ ನದಿನೀರಿನ ಜಗಳದ ಕತೆ ನೋಡಿ. ಕಳಸಾ ಹಳ್ಳದ ನೀರನ್ನು ತಿರುಗಿಸುವ ಕಾಲುವೆ ಇರುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಮಲಪ್ರಭೆ ಹುಟ್ಟುವುದೂ ಅಲ್ಲೇ. 2010ರಲ್ಲಿ ನ್ಯಾಯಮಂಡಳಿ ಬಂತು, 2018ರಲ್ಲಿ ತೀರ್ಪು ಬಂತು. ಅಷ್ಟೂ ವರ್ಷ ಕನ್ನಡ ಚಾನೆಲ್ಲುಗಳಲ್ಲಿ ಆ ನೀರಿನ ಮಾತು ಹೆಚ್ಚಾಗಿ ಕೇಳಿಸಿದ್ದು ನರಗುಂದ, ಹುಬ್ಬಳ್ಳಿಗಳಿಂದ; ಎದುರುಮಾತು ಪಣಜಿಯಿಂದ. ನೀರು ಹುಟ್ಟುವ ಊರಿನವರ ಮಾತು ತೆರೆಗೆ ಬಂದದ್ದು ಅಪರೂಪ. ವರದಿಗಾರನಿಲ್ಲದೆ ಹೀಗಾಯಿತೆನ್ನಲಾಗದು. ಎರಡು ರಾಜ್ಯಗಳ ಜಗಳವೆಂದರೆ ಹೇಗೆ ಬರೆಯಬೇಕೆಂಬ ಅಚ್ಚು 1956ರಿಂದಲೂ ಸಿದ್ಧವಿತ್ತು, ನೀರನ್ನೂ ಅದಕ್ಕೇ ಎರಕ ಹೊಯ್ದರು. ಸುವರ್ಣ ವಿಧಾನಸೌಧದ ಅಧಿವೇಶನಕ್ಕೆಂದು ಬೆಂಗಳೂರಿನಿಂದ ಬರುವ ಒಬಿ ವ್ಯಾನುಗಳು ಈ ಸಲ ಒಂದು ದಿನವಾದರೂ ಜಾಂಬೋಟಿಯ ದಾರಿ ಹಿಡಿಯಲಿ.